ಬಿಡಿ ಯೋಚನೆಗಳಿಗೊಂದು ಕಿರ್ದಿ ಪುಸ್ತಕ

ದಿನವಿಡೀ ನಮ್ಮ ತಲೆಯಲ್ಲಿ ಹಾದುಹೋಗುವ ಯೋಚನೆಗಳಲ್ಲಿ ಹೆಚ್ಚಿನವು ಯಾರೂ ಕರೆಯದೆ ಬಂದವು. ಉಡುಪಿಯಿಂದ ಮಂಗಳೂರಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು ಪಡುಬಿದ್ರಿ ದಾಟುವಷ್ಟರಲ್ಲಿ ಕಚೇರಿಯಲ್ಲಿ ಬಾಕಿ ಉಳಿದ ಕಡತ, ಅಮ್ಮನ ಮೊಣಕಾಲು ನೋವು, ಮಳೆಗೆ ಮೊದಲು ಮಾಡಿನ ಹಂಚು ಕೈಯಾಡಿಸಬೇಕಾದ ಕೆಲಸ, ನಿನ್ನೆ ಯಾರೋ ಆಡಿದ ಒಂದು ಮಾತು, ಹೆದ್ದಾರಿ ಅಗಲವಾದ ಮೇಲೆ ಕಾಣದೆ ಹೋದ ಒಂದು ಗೋಳಿಮರ, ಇವೆಲ್ಲ ಒಂದರ ಹಿಂದೊಂದು ಬಂದು ಹೋಗಿರುತ್ತವೆ. ಇವನ್ನು ಎಲ್ಲಾದರೂ ಬರೆದಿಡಬೇಕೆಂದು ಅನೇಕರಿಗೆ ಅನಿಸುತ್ತದೆ. ಅದಕ್ಕೆಂದು ಒಳ್ಳೆಯ ಪುಸ್ತಕವೊಂದನ್ನು ಕೊಳ್ಳುತ್ತಾರೆ, ಮೊದಲ ಕೆಲವು ಪುಟಗಳನ್ನು ದುಂಡಗಿನ ಅಕ್ಷರದಲ್ಲಿ ತುಂಬಿಸುತ್ತಾರೆ, ಆಮೇಲೆ ಆ ಪುಸ್ತಕ ಕಪಾಟಿನಲ್ಲಿ ಉಳಿದುಬಿಡುತ್ತದೆ.

ಇದಕ್ಕೆ ಸೋಮಾರಿತನ ಕಾರಣವೆಂದು ನಾನು ಭಾವಿಸುವುದಿಲ್ಲ. ಬರೆಯುವುದು ಮತ್ತು ವಿಂಗಡಿಸುವುದು ಎಂಬ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಳಿಗೆಯಲ್ಲಿ ಮಾಡಲು ಹೋಗುವುದೇ ಮುಖ್ಯ ತೊಡಕು. ಯೋಚನೆಯೊಂದು ಬಂದ ಕೂಡಲೇ ಇದು ಕಚೇರಿಯ ಪುಟಕ್ಕೆ ಸೇರಬೇಕೋ ಮನೆಯ ಪುಟಕ್ಕೋ, ಇದು ಬರೆಯುವಷ್ಟು ಮುಖ್ಯವೋ ಅಲ್ಲವೋ, ಇದಕ್ಕೆ ಯಾವ ಶೀರ್ಷಿಕೆ ಕೊಡಬೇಕು ಎಂದು ತೀರ್ಮಾನಿಸುತ್ತ ಕುಳಿತರೆ, ಅಷ್ಟರಲ್ಲಿ ಯೋಚನೆಯೂ ಹೋಗಿರುತ್ತದೆ, ಬರೆಯುವ ಮನಸ್ಸೂ ಹೋಗಿರುತ್ತದೆ.

ಈ ತೊಡಕಿಗೆ ನಮ್ಮ ಊರಿನ ಹಳೆಯ ಅಂಗಡಿಗಳ ಲೆಕ್ಕದ ಪದ್ಧತಿಯಲ್ಲಿ ಸರಳವಾದ ಪರಿಹಾರವಿದೆ. ರಥಬೀದಿಯ ಜವಳಿ ಅಂಗಡಿಯಾಗಲಿ, ಬಂದರಿನ ದಿನಸಿ ಮಂಡಿಯಾಗಲಿ, ಕಂಪ್ಯೂಟರ್ ಬರುವುದಕ್ಕೆ ಮೊದಲು ಅಲ್ಲಿನ ಗುಮಾಸ್ತರು ಎರಡು ಪುಸ್ತಕಗಳನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ಕಿರ್ದಿ, ಅದರಲ್ಲಿ ಆ ದಿನ ನಡೆದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ, ಯಾರದ್ದು ಏನು ಎಂದು ಬೇರ್ಪಡಿಸದೆ ದಾಖಲಾಗುತ್ತಿತ್ತು. ಇನ್ನೊಂದು ಖಾತೆ ಪುಸ್ತಕ. ಬಿಡುವಾದಾಗ ಕಿರ್ದಿಯನ್ನು ಎದುರಿಗಿಟ್ಟುಕೊಂಡು ಒಂದೊಂದು ನಮೂದನ್ನೂ ಅದಕ್ಕೆ ಸಂಬಂಧಿಸಿದ ಖಾತೆಗೆ ಪುಟಸಂಖ್ಯೆ ಸಹಿತ ಏರಿಸುತ್ತಿದ್ದರು. ಗಿರಾಕಿ ಎದುರಿಗೆ ನಿಂತಿರುವಾಗ ಖಾತೆ ಹುಡುಕುತ್ತ ಕೂರುವ ಪ್ರಶ್ನೆಯೇ ಇರಲಿಲ್ಲ. ಲೆಕ್ಕವೆಲ್ಲ ಟ್ಯಾಲಿ ಎಂಬ ಕಂಪ್ಯೂಟರ್ ತಂತ್ರಾಂಶಕ್ಕೆ ಹೋದ ಮೇಲೂ ದೀಪಾವಳಿಯ ಅಂಗಡಿ ಪೂಜೆಗೆ ಹೊಸ ಪುಸ್ತಕವೊಂದನ್ನು ಇಟ್ಟು ಕುಂಕುಮ ಹಚ್ಚುವ ಅಂಗಡಿಗಳು ಇಂದಿಗೂ ಇವೆ. ಮುಂದೆ ವಿವರಿಸುವ ಕ್ರಮವು ಬಿಡಿ ಯೋಚನೆಗಳಿಗೆ ಇದೇ ಎರಡು ಪುಸ್ತಕಗಳ ಪದ್ಧತಿಯನ್ನು ಅನ್ವಯಿಸಿದ್ದು.

ಪುಸ್ತಕ ಆರಿಸುವುದು

ಮೊದಲಿಗೆ ಕಿರ್ದಿಗೆ ಪುಸ್ತಕ ಬೇಕು. ಹೊಸ ವರ್ಷಕ್ಕೆ ಬ್ಯಾಂಕು, ಸೊಸೈಟಿ, ವಿಮಾ ಏಜೆಂಟರ ಕಡೆಯಿಂದ ಬರುವ ಡೈರಿಗಳನ್ನು ಇದಕ್ಕೆ ಬಳಸಬೇಡಿ. ದಿನಾಂಕ ಅಚ್ಚಾಗಿರುವ ಪುಟವು ತುಂಬಿಸೆಂದು ಒತ್ತಾಯಿಸುತ್ತದೆ. ನಾಲ್ಕು ದಿನ ಏನನ್ನೂ ಬರೆಯದಿದ್ದರೆ ನಾಲ್ಕು ಖಾಲಿ ಪುಟಗಳು ಕಣ್ಣಿಗೆ ರಾಚುತ್ತವೆ. ಬರೆಯಲು ಬಹಳವಿರುವ ದಿನ ಜಾಗವೇ ಸಾಲುವುದಿಲ್ಲ. ಅಂಥ ಡೈರಿ ಹಾಲಿನ ಲೆಕ್ಕಕ್ಕೂ ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಗುರುತು ಹಾಕುವುದಕ್ಕೂ ಚೆನ್ನ.

ಗೆರೆ ಹಾಕಿದ, ಅಂಗಿಯ ಜೇಬಿಗೆ ಅಥವಾ ವ್ಯಾನಿಟಿ ಬ್ಯಾಗಿಗೆ ಹಿಡಿಸುವ, ಸುಮಾರು ನೂರು ಪುಟದ ಅಗ್ಗದ ಪುಸ್ತಕ ಸಾಕು. ಅಗ್ಗದ್ದು ಎಂದು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಚರ್ಮದ ಹೊದಿಕೆಯ ದುಬಾರಿ ಪುಸ್ತಕದಲ್ಲಿ ಕ್ಷುಲ್ಲಕ ಸಂಗತಿಯನ್ನು ಗೀಚಲು ಕೈ ಹಿಂಜರಿಯುತ್ತದೆ. ಕರಾವಳಿಯವರು ಇನ್ನೊಂದು ಸಂಗತಿಯನ್ನು ನೋಡಿಕೊಳ್ಳಬೇಕು. ತಂತಿಯ ಸುರುಳಿ ಹಾಕಿದ ಪುಸ್ತಕಗಳು ಇಲ್ಲಿನ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ಆ ತುಕ್ಕು ಪುಟದ ಅಂಚಿಗೆ ಕಂದು ಕಲೆಯಾಗಿ ಇಳಿದು, ರಂಧ್ರಗಳ ಬಳಿ ಕಾಗದ ಹರಿಯತೊಡಗುತ್ತದೆ. ನಡುವೆ ಸ್ಟೇಪ್ಲರ್ ಪಿನ್ನು ಹೊಡೆದ ಪುಸ್ತಕಕ್ಕೂ ಇದೇ ಗತಿ. ಆದುದರಿಂದ ದಾರದಲ್ಲಿ ಹೊಲಿದು ಬೈಂಡ್ ಮಾಡಿದ ಪುಸ್ತಕವನ್ನೇ ಕೇಳಿ ಪಡೆಯಿರಿ. ಬರೆಯಲು ಸಾಧಾರಣ ಬಾಲ್‌ಪೆನ್ನು ಅಥವಾ ಪೆನ್ಸಿಲು ಇರಲಿ. ಹಲವು ಜೆಲ್ ಪೆನ್ನುಗಳ ಶಾಯಿ ನೀರು ತಾಗಿದರೆ ಹರಡುವಂಥದ್ದು. ಜೂನ್ ತಿಂಗಳಲ್ಲಿ ಒದ್ದೆ ಕೊಡೆಯನ್ನು ಒಮ್ಮೆ ಅದೇ ಚೀಲದಲ್ಲಿಟ್ಟರೆ ಬರೆದದ್ದೆಲ್ಲ ನೀಲಿ ಮೋಡವಾಗುತ್ತದೆ.

ಮೊದಲ ಪುಟದಲ್ಲಿ ಪುಸ್ತಕದ ಕ್ರಮಸಂಖ್ಯೆ ಮತ್ತು ಆರಂಭದ ದಿನಾಂಕವನ್ನು ಬರೆದು, ಎಲ್ಲ ಪುಟಗಳಿಗೂ ಕೈಯಿಂದ ಸಂಖ್ಯೆ ಹಾಕಿರಿ. ಬೇಸರದ ಕೆಲಸವೇ ಸರಿ. ಆದರೆ ಮುಂದಿನ ಕ್ರಮವೆಲ್ಲ ಈ ಪುಟಸಂಖ್ಯೆಯನ್ನೇ ಅವಲಂಬಿಸಿದೆ.

ಬರೆಯುವ ರೀತಿ

ಕಿರ್ದಿಯಲ್ಲಿ ನಮೂದಿಗೆ ಬೇಕಾದುದು ಮೂರೇ ಅಂಶಗಳು: ದಿನಾಂಕ, ಸ್ಥಳ, ಕ್ರಿಯಾಪದವಿರುವ ಒಂದು ಪೂರ್ಣ ವಾಕ್ಯ. ಮೂರನೆಯದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬರೆಯುವ ಹೊತ್ತಿಗೆ ಸಂದರ್ಭವೆಲ್ಲ ಮನಸ್ಸಿನಲ್ಲಿ ಹಸಿಯಾಗಿರುವುದರಿಂದ ಎರಡು ಪದ ಸಾಕೆಂದು ತೋರುತ್ತದೆ. “ಪಿಗ್ಮಿ, ಅಂಗಡಿ” ಎಂದು ಬರೆದಿಟ್ಟರೆ ಮರುದಿನದವರೆಗೂ ಅದು ಅರ್ಥವಾಗುತ್ತದೆ (ಪಿಗ್ಮಿ ಎಂದರೆ ಏಜೆಂಟರು ದಿನವೂ ಬಂದು ಸಣ್ಣ ಮೊತ್ತ ಪಡೆಯುವ ಉಳಿತಾಯ ಯೋಜನೆ). ಮೂರು ವಾರ ಕಳೆದ ಮೇಲೆ ಅದನ್ನು ನೋಡಿದರೆ, ಪಿಗ್ಮಿಗೆ ಹಣ ಕಟ್ಟಬೇಕಿತ್ತೋ, ಅಂಗಡಿಯವನಿಗೆ ಏನಾದರೂ ಹೇಳಬೇಕಿತ್ತೋ ಎಂಬುದು ಬರೆದವರಿಗೇ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು:

“12 ಜೂನ್, ಕಾರ್‌ಸ್ಟ್ರೀಟ್. ಪಿಗ್ಮಿ ಸಂಗ್ರಹಕ್ಕೆ ಬಂದವರನ್ನು ಅಂಗಡಿಯವರು ತಲೆಯೆತ್ತಿಯೂ ನೋಡದೆ ಗಲ್ಲಾಪೆಟ್ಟಿಗೆಯಿಂದ ನೂರು ರೂಪಾಯಿ ತೆಗೆದುಕೊಟ್ಟರು. ಗಿರಾಕಿಗಳಿಂದ ಮಾತ್ರ ಕ್ಯೂಆರ್ ಕೋಡಿನಲ್ಲೇ ಹಣ ಪಡೆಯುತ್ತಿದ್ದರು.”

ಇದು ಅಭಿಪ್ರಾಯವಲ್ಲ, ಕಂಡದ್ದು. ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟರೆ ಅಭಿಪ್ರಾಯವನ್ನು ಯಾವಾಗ ಬೇಕಾದರೂ ಸೇರಿಸಬಹುದು. “ಜನರಿಗೆ ಇನ್ನೂ ನಗದಿನ ಮೇಲೆಯೇ ನಂಬಿಕೆ” ಎಂದು ಬರೀ ತೀರ್ಪನ್ನು ಬರೆದಿಟ್ಟರೆ, ಆ ತೀರ್ಪು ಯಾವುದನ್ನು ನೋಡಿ ಬಂತು ಎಂಬುದು ಕಳೆದುಹೋಗುತ್ತದೆ. ಮುಂದೆ ಅದು ತಪ್ಪೆಂದು ತೋರಿದಾಗ ತಿದ್ದಿಕೊಳ್ಳಲು ಆಧಾರವೂ ಇರುವುದಿಲ್ಲ.

ಯೋಚನೆ ಯಾವ ಭಾಷೆಯಲ್ಲಿ ಬಂತೋ ಅದೇ ಭಾಷೆಯಲ್ಲಿ ಬರೆಯಿರಿ. ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡಿ, ಕಚೇರಿಯಲ್ಲಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ ವ್ಯವಹರಿಸುವವರು. ಅತ್ತೆ ತುಳುವಿನಲ್ಲಿ ಆಡಿದ ಮಾತನ್ನು ಕನ್ನಡ ಲಿಪಿಯಲ್ಲಿ ತುಳುವಾಗಿಯೇ ಬರೆದುಕೊಂಡರೆ ಅದರ ಬಿಸಿ ಉಳಿಯುತ್ತದೆ. ಕಿರ್ದಿಯಲ್ಲಿ ಭಾಷೆ ತಿದ್ದುವ ಅಗತ್ಯವಿಲ್ಲ, ಕಾಗುಣಿತವನ್ನೂ ಚಿಂತಿಸಬೇಕಾಗಿಲ್ಲ.

ಬರೆಯುವಾಗ ಮಾಡಬಹುದಾದ ವಿಂಗಡಣೆ ಒಂದೇ. ಆ ನಮೂದು ಮಾಡಬೇಕಾದ ಕೆಲಸವಾಗಿದ್ದರೆ ಅಂಚಿನಲ್ಲಿ ಒಂದು ಸಣ್ಣ ಚೌಕ ಹಾಕಿರಿ; ಉಳಿದುದಕ್ಕೆ ಏನೂ ಬೇಡ. ಬಣ್ಣಬಣ್ಣದ ಪೆನ್ನು, ಅಂಟುಚೀಟಿ, ನಕ್ಷತ್ರದ ಗುರುತು ಇತ್ಯಾದಿಗಳು ಮೊದಲ ವಾರ ಉತ್ಸಾಹ ಕೊಟ್ಟರೂ ಹಸಿರು ಪೆನ್ನು ಸಿಗದ ದಿನ ಬರವಣಿಗೆಯೇ ನಿಲ್ಲುತ್ತದೆ.

ಪುಸ್ತಕ ತೆಗೆಯಲಾಗದ ಸಂದರ್ಭಗಳು ಇದ್ದೇ ಇರುತ್ತವೆ. ಸಿಟಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರಿಗೆ ಬರೆಯುವುದು ಸಾಧ್ಯವಿಲ್ಲ. ಅಂಥ ಹೊತ್ತಿಗೆ ಮೊಬೈಲಿನಲ್ಲಿ ವಾಟ್ಸ್ಆ್ಯಪಿನಲ್ಲಿ ನಿಮಗೆ ನೀವೇ ಸಂದೇಶ ಕಳುಹಿಸಿಕೊಳ್ಳಬಹುದು, ಇಲ್ಲವೇ ಕೀಬೋರ್ಡಿನ ಮೈಕ್ ಗುರುತನ್ನು ಒತ್ತಿ ಕನ್ನಡದಲ್ಲಿ ಹೇಳಿ ಬರೆಸಬಹುದು. ಇಂಜಿನ್ನಿನ ಸದ್ದಿನಲ್ಲಿ ಅದು ಅರ್ಧಂಬರ್ಧ ಬಂದರೂ ನೆನಪಿಗೆ ಸಾಕಾಗುತ್ತದೆ. ಆದರೆ ಸಂಜೆ ಮನೆಗೆ ಬಂದ ಮೇಲೆ ಅದನ್ನು ಕಿರ್ದಿಗೆ ಇಳಿಸಿ, ಮೊಬೈಲಿನಿಂದ ಅಳಿಸಬೇಕು. ಯೋಚನೆಗಳು ಎರಡು ಕಡೆ ಇದ್ದರೆ ಹುಡುಕುವಾಗ ಎಲ್ಲಿಯೂ ಸಿಗುವುದಿಲ್ಲ. ಬಸ್ ಟಿಕೆಟಿನ ಹಿಂಬದಿಯಲ್ಲಿ ಬರೆದಿಡುವ ಅಭ್ಯಾಸ ಕೆಲವರಿಗಿದೆ. ಯಂತ್ರದಿಂದ ಬರುವ ಟಿಕೆಟಿನ ಕಾಗದ ಶಾಖಕ್ಕೆ ಕಪ್ಪಾಗುವಂಥದ್ದು. ಅಂಗಿಯ ಜೇಬಿನಿಂದ ನೇರ ಬಟ್ಟೆ ಒಗೆಯುವ ಯಂತ್ರಕ್ಕೆ ಹೋಗುವಂಥದ್ದೂ ಹೌದು.

ಇಷ್ಟನ್ನು ಕಿರ್ದಿಯಲ್ಲಿ ಬರೆಯಬಾರದು: ಪಾಸ್‌ವರ್ಡು, ಎಟಿಎಂ ಪಿನ್ನು, ಕಚೇರಿಯ ಗೋಪ್ಯ ವಿವರ, ಇನ್ನೊಬ್ಬರು ನಂಬಿಕೆಯಿಂದ ಹೇಳಿದ ಗುಟ್ಟು. ತುಂಬಿದ ಮನೆಯಲ್ಲಿ ಮೇಜಿನ ಮೇಲಿಟ್ಟ ಪುಸ್ತಕವನ್ನು ಯಾರಾದರೂ ತೆರೆಯುತ್ತಾರೆಂದು ಮೊದಲೇ ತಿಳಿದುಕೊಂಡಿರುವುದು ಒಳಿತು. ಮನೆಯವರ ಮೇಲಿನ ಸಿಟ್ಟನ್ನು ಬರೆಯಲೇಬೇಕೆನಿಸಿದರೆ ಬಿಡಿ ಹಾಳೆಯಲ್ಲಿ ಬರೆದು ಹರಿದುಬಿಡಿ.

ವಾರಕ್ಕೊಮ್ಮೆ ಓದುವುದು

ಬರೆದಿಟ್ಟದ್ದನ್ನು ಓದುವ ಹೊತ್ತು ಗೊತ್ತುಪಡಿಸದಿದ್ದರೆ ಕಿರ್ದಿಯಿಂದ ಪ್ರಯೋಜನ ಕಡಿಮೆ. ಭಾನುವಾರ ಮಧ್ಯಾಹ್ನ ಊಟವಾಗಿ ಒಂದು ನಿದ್ದೆ ತೆಗೆದು ಚಹಾ ಕುಡಿಯುವ ಸಮಯವು ಹೆಚ್ಚಿನವರಿಗೆ ಒಗ್ಗುತ್ತದೆ. ಅಂಗಡಿ ಇಟ್ಟುಕೊಂಡವರಿಗೆ ವಾರದ ರಜೆಯ ದಿನ ಬೇರೆ ಇರಬಹುದು. ದಿನ ಯಾವುದಾದರೇನು, ವಾರ ವಾರವೂ ಅದೇ ಆಗಿದ್ದರೆ ಸಾಕು. ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ಮೊದಲು ಚೌಕ ಹಾಕಿದ ನಮೂದುಗಳನ್ನು ನೋಡಿರಿ. ಬಾಕಿ ಉಳಿದ ಕೆಲಸವು ಮನಸ್ಸನ್ನು ಎಳೆಯುತ್ತಲೇ ಇರುತ್ತದೆ ಎಂಬುದು ಎಲ್ಲರ ಅನುಭವ. ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲಿ ಪ್ರಕಟಿಸಿದ ತಮ್ಮ ಪ್ರಯೋಗಗಳಲ್ಲಿ, ನಡುವೆ ತಡೆದು ನಿಲ್ಲಿಸಿದ ಕೆಲಸಗಳು ಮುಗಿಸಿದ ಕೆಲಸಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂದು ಕಂಡುಕೊಂಡರು. ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಎಲ್ಲ ಸಲವೂ ಅದೇ ಫಲ ಸಿಗಲಿಲ್ಲವಾದ್ದರಿಂದ ಅದನ್ನು ನಿಯಮವೆಂದು ಹೇಳುವಂತಿಲ್ಲ. ನಮ್ಮ ಉದ್ದೇಶಕ್ಕೆ ಹೆಚ್ಚು ಹತ್ತಿರವಾದುದು ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನ. ಮುಗಿಯದ ಕೆಲಸವು ಬೇರೆ ಕೆಲಸದ ನಡುವೆ ತಲೆಹಾಕುವುದನ್ನು ತಪ್ಪಿಸಲು ಅದನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಗೊತ್ತುಮಾಡಿಕೊಂಡರೂ ಆ ಕಾಟ ತಗ್ಗುತ್ತದೆ ಎಂದು ಅವರು ತೋರಿಸಿದರು.

ಹೀಗಾಗಿ “ಹಂಚು ಕೈಯಾಡಿಸಬೇಕು” ಎಂಬ ನಮೂದು ಕಿರ್ದಿಯಲ್ಲಿ ಹಾಗೆಯೇ ಕೂತರೆ ಕಾಟ ತಪ್ಪುವುದಿಲ್ಲ. “ಮಂಗಳವಾರ ಸಂಜೆ ಕಚೇರಿಯಿಂದ ಬರುವಾಗ ಕೆಲಸದವರ ಮನೆಗೆ ಹೋಗಿ, ಮೇ ಮೊದಲ ವಾರಕ್ಕೆ ಹೇಳಿ ಬರುವುದು” ಎಂದು ಅದನ್ನು ಗೋಡೆಯ ಕ್ಯಾಲೆಂಡರಿಗೋ ಮೊಬೈಲಿನ ಕ್ಯಾಲೆಂಡರಿಗೋ ವರ್ಗಾಯಿಸಿ, ಕಿರ್ದಿಯ ಚೌಕದಲ್ಲಿ ಅಡ್ಡಗೆರೆ ಎಳೆಯಿರಿ. ದಿನ ಗೊತ್ತುಮಾಡಲು ಮನಸ್ಸೇ ಬಾರದ ಕೆಲಸಗಳೂ ಇರುತ್ತವೆ. ಮೂರು ವಾರ ಹಾಗೆಯೇ ಉಳಿದುದನ್ನು ಹೊಡೆದುಹಾಕುವುದೇ ಮೇಲು. ನಿಜವಾಗಿ ಬೇಕಾದುದು ತಾನಾಗಿ ಮತ್ತೆ ಬರುತ್ತದೆ.

ಉಳಿದ ನಮೂದುಗಳನ್ನು ಸುಮ್ಮನೆ ಓದಿರಿ. ಓದಿ ಮುಗಿಸಿದಾಗ ಹೆಚ್ಚಿನವು ಇನ್ನೇನನ್ನೂ ಕೇಳುವುದಿಲ್ಲ ಎಂಬುದು ತಿಳಿಯುತ್ತದೆ. ಬಸ್ಸಿನ ಕಿಟಕಿಯಲ್ಲಿ ಹುಟ್ಟಿದ ಯೋಚನೆಯೆಲ್ಲ ಲೇಖನವೋ ಯೋಜನೆಯೋ ಆಗಬೇಕೆಂಬ ಹಟ ಈಚೆಗೆ ಜಾಸ್ತಿಯಾಗಿದೆ, ಅದು ಅನಾವಶ್ಯಕ ಎಂಬುದು ನನ್ನ ಅಭಿಪ್ರಾಯ. ಹತ್ತರಲ್ಲಿ ಒಂದೆರಡು ಮಾತ್ರ ಮತ್ತೆ ಓದಿದಾಗಲೂ ಕುತೂಹಲ ಹುಟ್ಟಿಸಿದರೆ ಅವುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ.

ಒಂದೇ ಚಿಂತೆ ವಾರ ವಾರವೂ ಅದೇ ಮಾತುಗಳಲ್ಲಿ ಮರಳಿ ಬರುತ್ತಿರುವುದು ಈ ಓದಿನಲ್ಲಿ ಕಾಣಿಸಿದರೆ ಅದನ್ನು ಗಮನಿಸಬೇಕು. ಸಂಬಳದ ಚಿಂತೆಯೋ ಮಕ್ಕಳ ಓದಿನ ಚಿಂತೆಯೋ ಆಗಿದ್ದರೆ ಅದರ ಬಗ್ಗೆ ಒಬ್ಬರೊಡನೆ ಕುಳಿತು ಮಾತನಾಡುವ ಕಾಲ ಬಂದಿದೆ ಎಂದರ್ಥ. ನಿದ್ದೆ ಬಿಟ್ಟು ಹೋಗಿ, ಬದುಕಿನಲ್ಲಿ ಆಸಕ್ತಿಯೇ ಇಲ್ಲವೆಂಬ ನಮೂದುಗಳು ಹೆಚ್ಚಾದರೆ ಪುಸ್ತಕವನ್ನು ನಂಬಿ ಕೂರದೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಸಂಕ್ರಮಣಕ್ಕೊಮ್ಮೆ ಖಾತೆಗೆ ಏರಿಸುವುದು

ಚುಕ್ಕೆ ಇಟ್ಟ ನಮೂದುಗಳನ್ನು ತಿಂಗಳಿಗೊಮ್ಮೆ ಎರಡನೆಯ ಪುಸ್ತಕಕ್ಕೆ ಏರಿಸಬೇಕು. ಇದಕ್ಕೆ ಸಂಕ್ರಮಣದ ದಿನವನ್ನು ಸೂಚಿಸುತ್ತೇನೆ. ತುಳು ತಿಂಗಳು ಸೌರಮಾನದ್ದಾದ್ದರಿಂದ ಸಂಕ್ರಮಣವು ಇಂಗ್ಲಿಷ್ ತಿಂಗಳಿನ ಮಧ್ಯಭಾಗದಲ್ಲಿ ಬರುತ್ತದೆ. ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು, ಕಚೇರಿಯ ಮಾಸಿಕ ವರದಿ ಎಲ್ಲವೂ ಮುತ್ತಿಕೊಳ್ಳುವ ತಿಂಗಳ ಕೊನೆ ಮತ್ತು ಮೊದಲ ವಾರದಿಂದ ಅದು ದೂರವಿರುತ್ತದೆ. ಪಂಚಾಂಗದ ಕ್ಯಾಲೆಂಡರಿನಲ್ಲಿ ಅಚ್ಚಾಗಿಯೂ ಇರುತ್ತದೆ, ಮನೆಯ ಹಿರಿಯರು ನೆನಪಿಸಿಯೂ ಬಿಡುತ್ತಾರೆ. ಆ ದಿನ ದೇವಸ್ಥಾನಕ್ಕೆ ಹೋಗುವವರಿದ್ದರೆ ರಾತ್ರಿ ಊಟದ ನಂತರ ಕೂರಬಹುದು.

ಖಾತೆ ಪುಸ್ತಕ ದೊಡ್ಡದಿರಲಿ, ಮನೆಯಲ್ಲೇ ಇರಲಿ. ಅದರಲ್ಲಿ ಒಂದೊಂದು ವಿಷಯಕ್ಕೆ ನಾಲ್ಕೈದು ಪುಟ ಬಿಟ್ಟುಕೊಳ್ಳಬೇಕು. ಆದರೆ ವಿಷಯಗಳ ಪಟ್ಟಿಯನ್ನು ಮೊದಲೇ ಮಾಡಬೇಡಿ. ಆರೋಗ್ಯ, ಹಣ, ಕುಟುಂಬ, ವೃತ್ತಿ ಎಂದು ಎಲ್ಲರಿಗೂ ಒಂದೇ ಆಗಿರುವ ಹೆಸರುಗಳನ್ನು ಬರೆದಿಟ್ಟರೆ ಆ ಖಾತೆಗಳಲ್ಲಿ ಅರ್ಧದಷ್ಟು ಖಾಲಿಯಾಗಿ ಉಳಿಯುತ್ತವೆ, ನಿಮ್ಮ ನಿಜವಾದ ಆಸಕ್ತಿಗಳಿಗೆ ಖಾತೆಯೇ ಇರುವುದಿಲ್ಲ. ಒಂದೇ ಜಾತಿಯ ಮೂರು ನಮೂದುಗಳು ಕಂಡ ಮೇಲಷ್ಟೇ ಖಾತೆ ತೆರೆಯಬೇಕು. ನಿವೃತ್ತ ಶಿಕ್ಷಕರೊಬ್ಬರಿಗೆ “ಮುಚ್ಚಿಹೋದ ಕನ್ನಡ ಶಾಲೆಗಳ ಕಟ್ಟಡಗಳು” ಎಂಬ ಖಾತೆ ತೆರೆಯಬೇಕಾಗಿ ಬರಬಹುದು. ಮಲ್ಪೆಯಲ್ಲಿ ಮೀನಿನ ಲೆಕ್ಕ ಬರೆಯುವವರಿಗೆ “ಬೆಳಗಿನ ಏಲಂ ಕೂಗುವವರ ಮಾತು” ಎಂಬುದು. ಮನೆಯಲ್ಲಿರುವ ಗೃಹಿಣಿಗೆ “ಅಕ್ಕಪಕ್ಕದವರು ಕೊಟ್ಟು ಕಳುಹಿಸಿದ ಪಾತ್ರೆಗಳು” ಎಂಬುದು. ಇಂಥ ಹೆಸರುಗಳು ಇನ್ನೊಬ್ಬರಿಗೆ ವಿಚಿತ್ರವಾಗಿ ಕಂಡರೆ ಖಾತೆ ಸರಿಯಾಗಿದೆ ಎಂದೇ ತಿಳಿಯಬೇಕು.

ಏರಿಸುವಾಗ ನಮೂದನ್ನು ಪೂರ್ತಿ ನಕಲು ಮಾಡಬೇಕಾಗಿಲ್ಲ. ಒಂದು ಸಾಲಿನಲ್ಲಿ ಸಾರವನ್ನು ಬರೆದು ಮುಂದೆ “ಕಿ. 2/47” ಎಂದು ಹಾಕಿದರೆ ಸಾಕು, ಎರಡನೆಯ ಕಿರ್ದಿಯ 47ನೆಯ ಪುಟವೆಂದು ಅದರ ಅರ್ಥ. ಕಿರ್ದಿಯ ಆ ನಮೂದಿನ ಪಕ್ಕದಲ್ಲಿ ಖಾತೆಯ ಪುಟಸಂಖ್ಯೆಯನ್ನೂ ಬರೆಯಿರಿ, ಆಗ ಎರಡೂ ಕಡೆಯಿಂದ ಹೋಗಿಬರಲು ದಾರಿಯಾಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ತಮ್ಮ ಜೀವಮಾನದಲ್ಲಿ ಸುಮಾರು 90,000 ಚೀಟಿಗಳನ್ನು ಹೀಗೆಯೇ ಸಂಖ್ಯೆಗಳಿಂದ ಒಂದಕ್ಕೊಂದು ಜೋಡಿಸಿ ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಅವರ ಹೆಸರು ಹೇಳಿ ಇಂದು ಹಲವು ಆ್ಯಪುಗಳು ಮಾರಾಟಕ್ಕಿವೆ. ಆದರೆ ಅವರದು ಪುಸ್ತಕದ ಮೇಲೆ ಪುಸ್ತಕ ಬರೆದ ವಿದ್ವಾಂಸರ ಅಗತ್ಯ. ಬೇಸಾಯ, ಬ್ಯಾಂಕು, ಮಕ್ಕಳ ಮನೆಪಾಠದ ನಡುವೆ ಬರೆಯುವವರಿಗೆ ಎರಡು ಪುಸ್ತಕಗಳು ಧಾರಾಳವಾಯಿತು.

ಖಾತೆಗಳು ಹತ್ತನ್ನು ಮೀರಿದರೆ ಕೊನೆಯ ಎರಡು ಪುಟಗಳಲ್ಲಿ ಅಕಾರಾದಿ ಸೂಚಿಯೊಂದು ಬೇಕಾಗುತ್ತದೆ. ಟಿಪ್ಪಣಿ ಪುಸ್ತಕಕ್ಕೆ ಸೂಚಿ ಮಾಡುವ ಒಂದು ಕ್ರಮವನ್ನು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಪ್ರಕಟಿಸಿದ್ದರು. ಶೀರ್ಷಿಕೆಯ ಮೊದಲ ಅಕ್ಷರವನ್ನೂ ಅದರ ನಂತರ ಬರುವ ಮೊದಲ ಸ್ವರವನ್ನೂ ಹಿಡಿದು ಪುಟಸಂಖ್ಯೆಯನ್ನು ಆಯಾ ಕೋಣೆಯಲ್ಲಿ ಬರೆಯುವ ಕ್ರಮ ಅದು. ನಮ್ಮ ಕಾಗುಣಿತದ ಬಳ್ಳಿಯಲ್ಲಿ ವ್ಯಂಜನಕ್ಕೆ ಸ್ವರ ಕೂಡಿಯೇ ಬರುವುದರಿಂದ ಆ ಕೆಲಸ ಸುಲಭ: ಸಾಲುಗಳಲ್ಲಿ ಕ, ಗ, ಚ ಎಂದು ವ್ಯಂಜನಗಳನ್ನು ಇಳಿಸಿ, ಕಾಗುಣಿತದ ಕ್ರಮದಲ್ಲಿ ಅಡ್ಡ ಕೋಣೆಗಳನ್ನು ಮಾಡಿದರೆ “ಪಿಗ್ಮಿ” ಎಂಬುದು “ಪಿ” ಕೋಣೆಯಲ್ಲಿ ಕೂರುತ್ತದೆ. ಮಹಾಪ್ರಾಣಗಳಿಗೆ ಬೇರೆ ಸಾಲು ಬೇಕಾಗಿಲ್ಲ, ಅಲ್ಪಪ್ರಾಣದ ಜೊತೆಗೇ ಸೇರಿಸಬಹುದು.

ಒಂದು ನಮೂದು ಬೆಳೆಯುವ ಬಗೆ

ಮೇಲೆ ಕೊಟ್ಟ ಪಿಗ್ಮಿಯ ನಮೂದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜೂನ್ 12ರಂದು ಬರೆದಾಗ ಅದು ಬರೀ ಕಂಡ ಸಂಗತಿ. ವಾರದ ಓದಿನಲ್ಲಿ ಅದಕ್ಕೊಂದು ಚುಕ್ಕೆ ಬಿತ್ತು ಎನ್ನೋಣ. ಅದೇ ತಿಂಗಳಲ್ಲಿ ಹಾಲಿನ ಡಿಪೋದವರು ಚಿಲ್ಲರೆ ಇಲ್ಲವೆಂದದ್ದೂ, ಚಿಕ್ಕಮ್ಮ ಮದುವೆಯ ಖರ್ಚಿಗೆ ಪಿಗ್ಮಿಯ ಹಣ ತೆಗೆದದ್ದೂ ಕಿರ್ದಿಯಲ್ಲಿ ಸೇರಿ ಮೂರು ನಮೂದುಗಳಾದವು; “ಕೈಯಿಂದ ಕೈಗೆ ಹೋಗುವ ಹಣ” ಎಂಬ ಖಾತೆ ತೆರೆಯಿತು.

ಇಲ್ಲಿಂದ ಮುಂದಿನ ಹೆಜ್ಜೆ ಖಾತೆಗೆ ಹೊರಗಿನ ಸಂಗತಿಗಳನ್ನು ಸೇರಿಸುವುದು. ಯೋಚನೆಯೊಂದು ಗಟ್ಟಿಯಾಗುವುದು ಅದನ್ನೇ ಮತ್ತೆ ಮತ್ತೆ ಯೋಚಿಸುವುದರಿಂದಲ್ಲ, ಅದಕ್ಕೆ ಹೊಸ ಸಂಗತಿ ತಾಗಿದಾಗ. ಪಿಗ್ಮಿ ಎಂಬುದು ಎಲ್ಲಿಂದ ಬಂತೆಂದು ಗ್ರಂಥಾಲಯದಲ್ಲಿ ಹುಡುಕಿದರೆ ತಿಳಿಯುವುದಿಷ್ಟು: 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಸೇರಿ ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಈ ಯೋಜನೆಯನ್ನು ಜಾರಿಗೆ ತಂದಿತು; ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು; ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಭಾಗ.

ಈಗ ಖಾತೆಯಲ್ಲಿ ಅಭಿಪ್ರಾಯಕ್ಕೆ ಜಾಗವಾಯಿತು. ಗಿರಾಕಿಯ ಹಣವನ್ನು ಫೋನಿನಲ್ಲಿ ಪಡೆಯುವ ಅಂಗಡಿಯವರು ಪಿಗ್ಮಿಯನ್ನು ನಗದಿನಲ್ಲೇ ಕೊಡುವುದು ಫೋನಿನ ಮೇಲೆ ಅಪನಂಬಿಕೆಯಿಂದಲ್ಲ ಎಂದು ತೋರುತ್ತದೆ. ದಿನವೂ ಒಬ್ಬರು ಎದುರಿಗೆ ಬಂದು ನಿಲ್ಲುತ್ತಾರೆಂಬ ಕಾರಣಕ್ಕೇ ಆ ಉಳಿತಾಯ ನಡೆಯುತ್ತಿದೆ. ಬರುವವರು ಬಾರದಿದ್ದರೆ ಗಲ್ಲಾಪೆಟ್ಟಿಗೆಯ ನೂರು ರೂಪಾಯಿ ಬೇರೆಲ್ಲಿಗೋ ಹೋಗುತ್ತದೆ. ಇದು ನಿಜವೋ ಅಲ್ಲವೋ ಎಂಬುದನ್ನು ಅಂಗಡಿಯವರನ್ನೇ ಕೇಳಿ ತಿಳಿಯಬಹುದು, ಅವರ ಉತ್ತರವೂ ಖಾತೆಗೆ ಸೇರಬಹುದು. ಇಷ್ಟು ಕೂಡಿದ ಮೇಲೆ ಅದು ಕಚೇರಿಯ ಗೆಳೆಯರೊಡನೆ ಮಾತಿಗೆ ವಸ್ತುವಾಗಬಹುದು, ಪತ್ರಿಕೆಗೆ ಓದುಗರ ಪತ್ರವಾಗಬಹುದು. ಏನೂ ಆಗದೆ ಖಾತೆಯಲ್ಲೇ ಉಳಿದರೂ ನಷ್ಟವಿಲ್ಲ. ಜೂನ್ 12ರಂದು ಬರೆದುಬಿಡಬಹುದಾಗಿದ್ದ “ಜನರಿಗೆ ಇನ್ನೂ ನಗದಿನ ಮೇಲೆಯೇ ನಂಬಿಕೆ” ಎಂಬ ಸುಲಭದ ತೀರ್ಪಿಗಿಂತ ಇದು ಎಷ್ಟು ಬೇರೆಯಾಗಿದೆ ಎಂಬುದನ್ನು ಗಮನಿಸಬಹುದು.

ಬಿಟ್ಟುಹೋದಾಗ

ನೇಮ (ಭೂತಾರಾಧನೆಯ ಉತ್ಸವ), ಮದುವೆ, ಪರೀಕ್ಷೆ, ಆಸ್ಪತ್ರೆ ಎಂದು ವಾರಗಟ್ಟಲೆ ಬರೆಯಲಾಗದ ಕಾಲ ಬರುತ್ತದೆ. ಆಗ ಹಿಂದಿನದನ್ನು ನೆನಪಿಸಿಕೊಂಡು ತುಂಬಿಸಲು ಹೋಗಬಾರದು. ಕೊನೆಯ ನಮೂದಿನ ಕೆಳಗೆ ಒಂದು ಗೆರೆ ಎಳೆದು ಇಂದಿನ ದಿನಾಂಕ ಹಾಕಿ ಮುಂದುವರಿಸಿದರಾಯಿತು. ಖಾತೆಗೆ ಏರಿಸುವ ಸಂಕ್ರಮಣ ತಪ್ಪಿದರೂ ಅಷ್ಟೇ; ಮುಂದಿನ ತಿಂಗಳು ಎರಡೂ ತಿಂಗಳ ಚುಕ್ಕೆಗಳನ್ನು ಒಟ್ಟಿಗೆ ನೋಡಬಹುದು.

ಮಳೆಗಾಲದಲ್ಲಿ ಪುಸ್ತಕ ಕಾಪಾಡುವುದು

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಊರಿನಲ್ಲಿ ಕಾಗದ ಇಟ್ಟುಕೊಳ್ಳುವವರಿಗೆ ಒಂದಿಷ್ಟು ಎಚ್ಚರ ಬೇಕು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಪುಟಗಳು ಸ್ವಲ್ಪ ಮೆತ್ತಗಾಗಿ, ಒಂದಕ್ಕೊಂದು ಅಂಟಿದಂತಾಗಿ, ರಟ್ಟಿನ ಮೇಲೆ ಬೂದುಬಣ್ಣದ ಬೂಸ್ಟು ಏಳುತ್ತದೆ. ಆ ಬೂಸ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಇನ್ನಷ್ಟು ಹರಡುತ್ತದೆ. ಒಣ ಬಟ್ಟೆಯಿಂದ ಮನೆಯ ಹೊರಗೆ ಒರೆಸಿ, ಫ್ಯಾನಿನ ಗಾಳಿಗೆ ಪುಸ್ತಕವನ್ನು ಬಿಡಿಸಿ ನಿಲ್ಲಿಸಬೇಕು. ಹೊರಗೋಡೆಗೆ ತಾಗಿದ ಕಪಾಟು ಬೇಡ. ಆ ಗೋಡೆಯೇ ಮಳೆಗಾಲವಿಡೀ ತೇವವಾಗಿರುತ್ತದೆ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊಸ ಚಪ್ಪಲಿ ಅಥವಾ ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಹಳೆಯ ಕಿರ್ದಿಗಳನ್ನು ಅದರಲ್ಲಿ ಇಡಬಹುದು. ಮಕ್ಕಳಿರುವ ಮನೆಯಲ್ಲಿ ಆ ಪೊಟ್ಟಣಗಳು ಅವರ ಕೈಗೆ ಸಿಗಬಾರದು. ಪುಸ್ತಕ ಪೂರ್ತಿ ಒಣಗಿದ ಮೇಲೆಯೇ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ತೇವವನ್ನು ಒಳಗಿಟ್ಟು ಮುಚ್ಚಿದಂತಾಗುತ್ತದೆ. ಬಿಡಿ ಹಾಳೆಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟುವುದು ಬೇಡ. ಒಂದೆರಡು ಬೇಸಗೆಯಲ್ಲಿ ಅದು ಕರಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ನೂಲೇ ಒಳ್ಳೆಯದು.

ಖಾತೆ ಪುಸ್ತಕದ ಪುಟಗಳನ್ನು ವರ್ಷಕ್ಕೊಮ್ಮೆಯಾದರೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕಿರ್ದಿಗಳಿಗೆ ಅಷ್ಟು ಶ್ರಮ ಬೇಕಾಗಿಲ್ಲ. ಕಿರ್ದಿಯೊಂದು ತುಂಬಿದಾಗ ಮೊದಲ ಪುಟದಲ್ಲಿ ಮುಕ್ತಾಯದ ದಿನಾಂಕವನ್ನು ಸೇರಿಸಿ, ಅಡ್ಡಗೆರೆ ಬೀಳದೆ ಉಳಿದ ಚೌಕಗಳನ್ನು ಮಾತ್ರ ಹೊಸ ಪುಸ್ತಕದ ಒಂದನೆಯ ಪುಟಕ್ಕೆ ಇಳಿಸಿಕೊಳ್ಳಿ. ಆ ಪಟ್ಟಿ ಅರ್ಧ ಪುಟವನ್ನು ಮೀರಿದರೆ ಇಳಿಸುವುದಕ್ಕೆ ಮೊದಲು ಮತ್ತೊಮ್ಮೆ ಓದಿ, ಮಾಡುವುದಿಲ್ಲವೆಂದು ಖಚಿತವಾಗಿ ತಿಳಿದಿರುವ ಕೆಲಸಗಳನ್ನು ಹಳೆಯ ಪುಸ್ತಕದಲ್ಲೇ ಬಿಟ್ಟುಬಿಡಿ.